ನಾಲ್ಕು ಗಂಟೆ ತೆಗೆಯಬೇಡಿ

ಪುದೀನ ಅಂದರೆ ನಮ್ಮ ಮನೆಯಲ್ಲಿ
ಭಾನುವಾರ, ಒರಳುಕಲ್ಲು, ಕುರಿಮಾಂಸ.
ಅದನ್ನು ಹಾಲಿಗೆ ಹಾಕುತ್ತೇನೆಂದಾಗ
ಅವ್ವ ಹುಣಸೆಬೀಜ ಬಿಡಿಸುವ ಕೈ ನಿಲ್ಲಿಸಿ ನೋಡಿದಳು:
'ಉಸಾರಾಗಿದ್ದೀಯೇನ್ಲಾ?'

ಪುಷ್ಪಲತಾ ಅದನ್ನು ತಿಂದದ್ದು ಮೈಸೂರಿನ ಯಾವುದೋ ಹೋಟೆಲಿನಲ್ಲಿ,
ನರ್ಸುಗಳ ತರಬೇತಿ ಮುಗಿದ ದಿನ, ಊಟದ ಕೊನೆಗೆ.
ಗಾಜಿನ ಬಟ್ಟಲು, ಎರೆಮಣ್ಣಿನ ಬಣ್ಣ, ಮೇಲೊಂದು ಎಲೆ.
'ನಾಲಿಗೆಗೆ ಕಪ್ಪು, ಗಂಟಲಿಗೆ ತಂಪು' ಎಂದಿದ್ದಳು,
ಬಸ್ಸಿಳಿದು ಬಂದು ಚಪ್ಪಲಿ ಬಿಡುವ ಮೊದಲೇ.
ಆಮೇಲೆ ಒಂಬತ್ತು ತಿಂಗಳು ಆ ಮಾತೆತ್ತಲಿಲ್ಲ.
ಎತ್ತದೇ ಇದ್ದದ್ದೇ ನನ್ನನ್ನು ಕಾಡಿದ್ದು.

ಗೂಡ್ಸ್ ಆಟೊ ಓಡಿಸುವವನು ನಾನು.
ಮೊದಲ ಸಲ ಎಲೆ ರುಬ್ಬಿದೆ. ತಪ್ಪು.
ಮಿಕ್ಸಿ ಜಾರಿನ ಬುಡದಲ್ಲಿ ನಿನ್ನೆಯ ಬೆಳ್ಳುಳ್ಳಿ
ಕಾದು ಕೂತಿತ್ತು. ಅರ್ಧ ಲೀಟರ್ ಹಾಲು
ಚಟ್ನಿಯಾಗಲು ಹೋಗಿ ಮೋರಿ ಸೇರಿತು.

ಮತ್ತೆ ಜವರಮ್ಮನ ಹಿತ್ತಲು. ಪೇಂಟ್ ಡಬ್ಬಿಯ ಪುದೀನ.
'ಬುಡ ಕೀಳಬ್ಯಾಡ, ತುದಿ ಚಿವುಟು.'
ಹಾಲು ಉಕ್ಕುವ ಮೊದಲು ಇಳಿಸಿ, ಎಲೆ ಮುಳುಗಿಸಿ,
ತಟ್ಟೆ ಮುಚ್ಚಿ, ಒಂದು ಬೀಡಿ ಸೇದುವಷ್ಟು ಹೊತ್ತು.
(ಬೀಡಿ ಬಿಟ್ಟು ಮೂರು ವರ್ಷ. ಆ ಹೊತ್ತು ಮಾತ್ರ ಉಳಿದಿದೆ.)
ಸೋಸಿದರೆ ಹಾಲು ಬಿಳಿಯೇ;
ವಾಸನೆಯಷ್ಟೇ ಹಸಿರು.

ಸಕ್ಕರೆ, ಕೋಕೋ ಪುಡಿ, ತಣ್ಣನೆ ಹಾಲಲ್ಲಿ
ಗಂಟಿಲ್ಲದಂತೆ ಕದಡಿದ ಕಾರ್ನ್‌ಫ್ಲೋರ್.
ಕೈ ನಿಂತರೆ ತಳ ಹಿಡಿಯುತ್ತದೆ.
ಆಲೆಮನೆಯಲ್ಲಿ ಅಪ್ಪ ಕೊಪ್ಪರಿಗೆಗೆ ಬೆನ್ನು ಹಾಕಿ ನಿಂತು
ಕಿವಿಯಿಂದಲೇ ಹದ ಹೇಳುತ್ತಿದ್ದ:
ಎಳೆಪಾಕ ಚಟಪಟ ಅನ್ನುತ್ತೆ, ಬಲಿತದ್ದು ಗೊಳಕ್.
ಗೊಳಕ್ ಅಂದಿತು.
ಒಲೆ ಆರಿಸಿ ಕಪ್ಪು ಚಾಕಲೇಟು ಮುರಿದು ಹಾಕಿದೆ.
ನೂರಾ ಎಂಬತ್ತು ರೂಪಾಯಿ.
ಅವ್ವನಿಗೆ ನಲವತ್ತು ಎಂದಿದ್ದೆ.

ಗಾಜಿನ ಬಟ್ಟಲಿಲ್ಲ. ಆರು ಸ್ಟೀಲ್ ಲೋಟ,
ಒಂದೊಂದರ ಮೇಲೂ ಯಾರದೋ ಮದುವೆ, ಯಾವುದೋ ತಾರೀಖು.
ಫ್ರಿಜ್ಜಿನೊಳಗಿಟ್ಟು ಬಾಗಿಲಿಗೆ ಚೀಟಿ ಅಂಟಿಸಿದೆ:
ನಾಲ್ಕು ಗಂಟೆ ತೆಗೆಯಬೇಡಿ.
ಅವ್ವನಿಗೆ ಓದು ಬಾರದು. ಚೀಟಿ ನನಗೇ.

ಹತ್ತು ನಿಮಿಷಕ್ಕೆ ಕರೆಂಟು ಹೋಯಿತು.

ಗುತ್ತಲು ರಸ್ತೆಯ ಟ್ರಾನ್ಸ್‌ಫಾರ್ಮರ್ ಸುಟ್ಟಿದೆ,
ರಾತ್ರಿ ಹತ್ತಾದರೂ ಆಯಿತು ಎಂದ ಲೈನ್‌ಮನ್,
ಫೋನಿನಲ್ಲೇ ಆಕಳಿಸುತ್ತಾ.
ಅವಳ ಡ್ಯೂಟಿ ಮುಗಿಯುವುದು ಎಂಟಕ್ಕೆ.
ಯುಗಾದಿ ಕಳೆದ ಸೆಕೆ. ಗೋಡೆ ಮುಟ್ಟಿದರೆ ಜ್ವರ.

ಮಂಡ್ಯದ ಆಟೊದವನಿಗೆ ಐಸು ಎಲ್ಲಿ ಸಿಗುತ್ತದೆಂದು
ಯಾರೂ ಹೇಳಿಕೊಡಬೇಕಿಲ್ಲ.
ಫಯಾಜನ ಅಂಗಡಿಯಲ್ಲಿ ಬಂಗುಡೆ ಖಾಲಿಯಾಗಿ
ಪೆಟ್ಟಿಗೆಯಲ್ಲಿ ಐಸಷ್ಟೇ ಉಳಿದಿತ್ತು.
'ಏನಕ್ಕಣ್ಣ?' ಎಂದ.
'ಮನೇಲಿ ಜ್ವರ' ಎಂದೆ. ಗೋಡೆಯದ್ದು ಅನ್ನಲಿಲ್ಲ.

ಬಕೆಟ್ಟಿನಲ್ಲಿ ಐಸು, ಐಸಿನ ಮೇಲೆ ಹಿಡಿ ಕಲ್ಲುಪ್ಪು,
ಕುತ್ತಿಗೆವರೆಗೆ ಹೂತ ಲೋಟಗಳು, ಬಾಯಿಗೆ ತಟ್ಟೆ,
ಎಲ್ಲದರ ಮೇಲೆ ಒದ್ದೆ ಗೋಣಿ, ಹಿತ್ತಲ ನೆರಳು.

ಎಂಟೂವರೆಗೆ ಬಂದಳು, ಡೆಟಾಲ್ ವಾಸನೆಯ ಜೊತೆ,
ಮೊಬೈಲ್ ಬೆಳಕಿನಲ್ಲಿ ಹೊಸಲು ದಾಟಿ.
ಕಾಲು ತೊಳೆದವಳ ಕೈಗೆ ಲೋಟ ಕೊಟ್ಟೆ.
ಅಂಚು ಗಟ್ಟಿಯಾಗಿತ್ತು, ನಡುವೆ ಇನ್ನೂ ಅಲುಗುತ್ತಿತ್ತು.
ಒಂದು ಚಮಚ. ಮಾತಿಲ್ಲ.
ಮೇಣದಬತ್ತಿಯ ಮುಂದೆ ಮುಚ್ಚಿದ ಕಣ್ಣು
ರುಚಿಗೋ ನಿದ್ದೆಗೋ ತಿಳಿಯಲಿಲ್ಲ.
'ಹೋಟ್ಲಿಂದು ಇಷ್ಟು ಕಹಿ ಇರ್ಲಿಲ್ಲ' ಎಂದಳು,
ಎರಡನೆಯ ಲೋಟದ ತಟ್ಟೆ ಎತ್ತುತ್ತಾ.

ಅವ್ವ ಬೆರಳಲ್ಲೇ ತೆಗೆದು ಚಪ್ಪರಿಸಿದಳು.
'ಮಳೆಗ್ ಮುಂಚೆ ಗಾಳಿ ಬೀಸ್ದಂಗೈತೆ ಬಾಯೊಳಗೆ.
ಆದ್ರೂ ಒಂಚೂರು ಕಾಯಿತುರಿ ಬೇಕಿತ್ತು ಕಣ್ಲಾ.'

'ಅಲ್ಲ, ಕರೆಂಟಿಲ್ದೆ ತಣ್ಣಗಾಗಿದ್ದು ಹೆಂಗೆ?'
ಪುಷ್ಪಲತಾ ಕೇಳಿದಾಗ ನಾನು
ಲೋಟದ ಮೇಲಿನ ವಧೂವರರ ಹೆಸರು ಓದುತ್ತಿದ್ದೆ.
ಹಿತ್ತಲಲ್ಲಿ ಜವರಮ್ಮನ ಬೆಕ್ಕು
ಒದ್ದೆ ಗೋಣಿಗೆ ಮೂರನೆಯ ಪ್ರದಕ್ಷಿಣೆ ಹಾಕುತ್ತಿತ್ತು.